ಡೆಸ್ಮಂಡನ ಗಂಟಲಿಗೆ ತಾಗದ ಹೊಗೆ

ಡೆಸ್ಮಂಡ್ ಓಲರೆನ್‌ಶಾ ಮೂವತ್ತು ವರ್ಷ ಓಲ್ಡಮ್ಮಿನಲ್ಲಿ ಬಸ್ಸು ಓಡಿಸುತ್ತ ಸಿಗರೇಟು ಸುಟ್ಟವನು. ಹೆಂಡತಿ ಗ್ಲೆನಿಸ್‌ಗೆ ಮಾತು ಕೊಟ್ಟು ಅದನ್ನು ಬಿಟ್ಟು, ಈಗ ವೇಪ್ ಎಂಬ ಬ್ಯಾಟರಿ ಯಂತ್ರದ ಆವಿ ಎಳೆಯುತ್ತಿದ್ದ. ಅಂಗಡಿಯ ದೊಡ್ಡ ಬಾಟಲಿಯಲ್ಲಿ ಬರೀ ಪರಿಮಳದ ರಸ. ನಿಕೋಟಿನ್ನಿನ ಪುಟ್ಟ ಶೀಸೆಯನ್ನು ಮನೆಯಲ್ಲೇ ಬೆರೆಸಿಕೊಳ್ಳಬೇಕು. ಡೆಸ್ಮಂಡ್ ಮೇಜಿನ ತುಂಬ ಚೆಲ್ಲುತ್ತಾನೆಂದು ಆ ಕೆಲಸ ಗ್ಲೆನಿಸ್ ವಹಿಸಿಕೊಂಡಿದ್ದಳು. ಆದರೆ ಈಚೆಗೆ ಎಷ್ಟೆಳೆದರೂ ಗಂಟಲಿಗೆ ಏನೂ ತಾಗದು, ಬೆಚ್ಚನೆಯ ಗಾಳಿ ನುಂಗಿದ ಹಾಗೆ. ಇವತ್ತೂ ಹೀಗೇ ಆದರೆ ಸಂಜೆ ಸಿಗರೇಟೇ ಗತಿ ಎಂದು ಡಿಪೋದ ಕ್ಯಾಂಟೀನಿನಲ್ಲಿ ಬಾಯಿ ಬಿಟ್ಟದ್ದೇ ತಪ್ಪಾಯಿತು.

ಮೆಕ್ಯಾನಿಕ್ ಸಟ್‌ಕ್ಲಿಫ್ ತಿನ್ನುತ್ತಿದ್ದ ಬೇಕನ್ ಬನ್ನು ಪಕ್ಕಕ್ಕಿಟ್ಟು, ಶಾಖ ಸಾಲದೆಂದು ಯಂತ್ರದ ವಾಟ್ ಏರಿಸಿದ. ಕ್ಯಾಂಟೀನಿನ ಲೋರ್ನಾ, ಗಾಳಿ ಜಾಸ್ತಿಯಾಯಿತೆಂದು ಅದರ ಗಾಳಿತೂತು ಮುಚ್ಚಿದಳು. ಕೆಮ್ಮು ಬಂತು, ಆ ಹಳೆಯ ಹಿಡಿತ ಬರಲಿಲ್ಲ. ಸೋಲೊಪ್ಪದ ಲೋರ್ನಾ ಪುದೀನದ ಘಾಟು ರಸ ಧಾರಾಳವಾಗಿ ಸುರಿದಳು.

ಮುಂದಿನ ಟ್ರಿಪ್ಪಿನ ತುಂಬ ಡೆಸ್ಮಂಡನ ಕಣ್ಣಲ್ಲಿ ನೀರು. ರಾಯ್ಟನ್ ನಿಲ್ದಾಣದಲ್ಲಿ ಹತ್ತಿದ ಮುದುಕಿಯೊಬ್ಬಳು ಟಿಕೆಟ್ಟಿನ ವಿಷಯ ಮರೆತು ಕರವಸ್ತ್ರ ಚಾಚಿದಳು.

"ಹೆಂಡ್ತಿ ಬಿಟ್ಟೋದ್ಲಾ ಮಗಾ? ಹೋಗ್ಲಿ ಬಿಡು. ನಮ್ಮೆಜಮಾನ್ರೂ ಓಡೋದ್ರು, ನಾನೇನ್ ಸತ್ತೋದ್ನಾ?"

ಪಾಪ, ಮುಖವನ್ನೇ ಕಾಣದ ಗ್ಲೆನಿಸ್‌ಳನ್ನು ಇಡೀ ಬಸ್ಸು ಬಾಯಿಗೆ ಬಂದಂತೆ ಬೈಯಿತು.

ಮಧ್ಯಾಹ್ನ ಸಟ್‌ಕ್ಲಿಫ್‌ಗೆ ಹೊಳೆಯಿತು.

"ಅಯ್ಯೋ ಗುರುವೇ, ಗಂಟ್ಲು ಹಿಡಿಯೋದೇ ನಿಕೋಟಿನ್ನು. ನಿನ್ ಹೆಂಡ್ತಿ ಕೈ ಬಿಗಿ ಅನ್ಸುತ್ತೆ, ತಗೋ."

ತನ್ನ ವೇಪಿಗೆಂದು ಜೇಬಿನಲ್ಲಿಟ್ಟಿದ್ದ ಎರಡು ನಿಕೋಟಿನ್ ಶೀಸೆಗಳನ್ನೂ ಅವನೇ ಬೆರೆಸಿಕೊಟ್ಟ. ಒಂದೇ ದಮ್ಮಿಗೆ ಯಾರೋ ಗಂಟಲೊಳಗೆ ಗುದ್ದಿದಂತಾಯಿತು. ಡೆಸ್ಮಂಡನ ತಲೆ ಗಿರ್ರೆಂದಿತು, ಸ್ವರ ಕಟ್ಟಿತು, ಮನಸ್ಸು ಮಾತ್ರ ಅರಳಿತು. ಪ್ರತಿ ಕೊನೆಯ ನಿಲ್ದಾಣದಲ್ಲೂ ಇಳಿದು ಇಳಿದು ಎಳೆದ. ಸಿಗರೇಟು ಮುಟ್ಟದೆ ಮಾತು ಉಳಿಸಿಕೊಂಡೆನೆಂದು ಬೀಗುತ್ತ ಮನೆಗೆ ಬಂದ.

ಗ್ಲೆನಿಸ್ ಬಿಸಿ ಬಿಸಿ ಮಾಂಸದ ಪೈ ಬಡಿಸಿಟ್ಟು ಕಾಯುತ್ತಿದ್ದಳು. ಮುಖ ನಗುವಿನಿಂದ ಊರಗಲವಾಗಿತ್ತು.

"ಕೂತ್ಕೋ ಡೆಸ್. ಬೈಬಾರ್ದು ಮತ್ತೆ. ವಾರ ವಾರ ಸ್ವಲ್ಪ ಸ್ವಲ್ಪ ಕಮ್ಮಿ ಮಾಡ್ತಾ ಬಂದೆ. ಈಗೊಂದ್ ತಿಂಗ್ಳಿಂದ ನಿನ್ ಬಾಟ್ಲೀಗೆ ನಿಕೋಟಿನ್ ಹಾಕೇ ಇಲ್ಲ. ನಿನ್ ಚಟ ಬಿಟ್ಟೋಗಿದೆ ಕಣೋ, ನಿಂಗೇ ಗೊತ್ತಿಲ್ಲ."

ಡೆಸ್ಮಂಡ್ ಬಾಯಿ ತೆರೆದ. ಸ್ವರ ಹೊರಡಲಿಲ್ಲ. ಗಂಡನಿಗೆ ಸಂತೋಷದಿಂದ ಗಂಟಲು ಕಟ್ಟಿತೆಂದುಕೊಂಡು ಗ್ಲೆನಿಸ್ ಅವನನ್ನು ಬಿಗಿದಪ್ಪಿದಳು. ಆ ಅಪ್ಪುಗೆಯೊಳಗೇ ಅವನ ಕೈ ಕೋಟಿನ ಜೇಬಿನಲ್ಲಿ ಯಂತ್ರಕ್ಕಾಗಿ ತಡಕಾಡುತ್ತಿತ್ತು.