ಗುರುಲಿಂಗಯ್ಯನ ಗಂಟೆ

ಸಾಯಬಣ್ಣನ ದವಾಖಾನೆಯಲ್ಲಿ ಗಡಿಯಾರ ಇರಲಿಲ್ಲ.

ಉಳಿದದ್ದೆಲ್ಲ ಸುಮಾರಾಗಿ ಇತ್ತು. ಒಂದು ಆಪರೇಶನ್ ಮೇಜು, ಎರಡು ಗಾಜಿನ ಸಿರಿಂಜು, ಆರು ಸೂಜಿ, ಸ್ಪಿರಿಟ್ಟಿನ ಒಲೆ, ಕುದಿಸುವ ಪಾತ್ರೆ, ಉದ್ದನೆಯ ಚಿಮಟ. ವಾಡಿಗೂ ಶಹಾಬಾದಿಗೂ ನಡುವಿನ ಕಲ್ಲಿನ ಖಣಿಗಳಿಂದ ಬರುವ ಜಜ್ಜಿದ ಬೆರಳುಗಳಿಗಂತೂ ಕೊರತೆಯೇ ಇರಲಿಲ್ಲ.

ಡಾಕ್ಟರ್ ಶೌಕತ ಅಲಿ ಗುರುವಾರಕ್ಕೊಮ್ಮೆ ಶಹಾಬಾದಿನಿಂದ ಟಾಂಗಾದಲ್ಲಿ ಬಂದು, ಕೊಯ್ಯುವುದನ್ನು ಕೊಯ್ದು, ಹೊಲಿಯುವುದನ್ನು ಹೊಲಿದು ಹೋಗುತ್ತಿದ್ದರು. ಉಳಿದ ದಿನ ಸಾಯಬಣ್ಣನೇ ದವಾಖಾನೆ. ಅವನು ಹಂಗಾಮಿ ಕಂಪೌಂಡರ್. ಐದು ವರ್ಷದಿಂದ ಹಂಗಾಮಿ. ಅದಕ್ಕೆ ಮೊದಲು ಖಣಿಯಲ್ಲಿ ಕಲ್ಲು ಸೀಳುತ್ತಿದ್ದ. ಮತ್ತೆ ಅಲ್ಲಿಗೆ ಹೋಗುವ ಮನಸ್ಸಿರಲಿಲ್ಲ.

ಹಿಂದಿನ ವರ್ಷದವರೆಗೆ ಅವನು ಸೂಜಿಯನ್ನು ಅಂದಾಜಿನ ಮೇಲೆ ಕುದಿಸುತ್ತಿದ್ದ. ಒಂದು ಬೀಡಿ ಮುಗಿಯುವಷ್ಟು ಹೊತ್ತು. ಒಂದು ದಿನ ಬೀಡಿ ಸಣ್ಣದಿತ್ತು. ಇಬ್ಬರು ಖಣಿಯವರ ತೋಳು ಬಾತು ಕುಂಬಳಕಾಯಿಯಾದವು. ಒಬ್ಬ ಎರಡು ತಿಂಗಳು ಸುತ್ತಿಗೆ ಹಿಡಿಯಲಿಲ್ಲ. ಶೌಕತ ಅಲಿ ಬೈಯಲಿಲ್ಲ. ತೋಳು ಕೊಯ್ದು ಕೀವು ತೆಗೆಯುವಾಗ ಬಟ್ಟಲು ಹಿಡಿಯಲಿಕ್ಕೆ ಸಾಯಬಣ್ಣನನ್ನೇ ನಿಲ್ಲಿಸಿದರು. ಆಮೇಲೆ ಗೋಡೆಗೆ ಒಂದು ಕಾಗದ ಅಂಟಿಸಿದರು. ಒಬ್ಬ ಮನುಷ್ಯ, ಒಂದು ಸೂಜಿ. ಇಪ್ಪತ್ತು ಮಿನಿಟು ಕುದಿ. ಕುದಿಸಿದ ಮೇಲೆ ಬೆರಳು ತಾಗಿಸಬಾರದು. ಅಂದಾಜು ಇಲ್ಲ.

ಆ ಇಪ್ಪತ್ತು ಮಿನಿಟು ಸಾಯಬಣ್ಣನಿಗೆ ಪಕ್ಕದ ಮನೆಯಲ್ಲಿ ಸಿಕ್ಕಿತು. ಅಲ್ಲಿ ಗುರುಲಿಂಗಯ್ಯ ದಿನಾ ಮುಂಜಾನೆ ಗದ್ದುಗೆಯ ಪೂಜೆ ಮಾಡುತ್ತಿದ್ದ. ಸುರುವಿಗೆ ಒಮ್ಮೆ ಗಂಟೆ, ಮಂಗಳಾರತಿಗೆ ಒಮ್ಮೆ ಗಂಟೆ. ಡಾಕ್ಟರ ಜೇಬುಗಡಿಯಾರ ಕೇಳಿ ಇಸಿದುಕೊಂಡು ಸಾಯಬಣ್ಣ ಮೂರು ಗುರುವಾರ ನೋಡಿದ. ಇಪ್ಪತ್ತು, ಇಪ್ಪತ್ತು, ಇಪ್ಪತ್ತು. ಗುರುಲಿಂಗಯ್ಯ ಉರ್ದು ನಾಲ್ಕನೇ ಇಯತ್ತೆ ಪಾಸಾಗಿ, ನೌಕರಿ ಸಿಗದೆ ಮನೆಯಲ್ಲಿ ಕೂತವನು. ಅವನಿಗೆ ಬರುತ್ತಿದ್ದ ಮಂತ್ರ ಅಷ್ಟೇ. ಅಂದಿನಿಂದ ಮೊದಲ ಗಂಟೆಗೆ ಸೂಜಿ ಕುದಿಯುವ ನೀರಿಗೆ, ಎರಡನೆಯ ಗಂಟೆಗೆ ಹೊರಗೆ. ಸಾಯಬಣ್ಣ ಇದನ್ನು ಯಾರಿಗೂ ಹೇಳಲಿಲ್ಲ, ಡಾಕ್ಟರೂ ಕೇಳಲಿಲ್ಲ. ಆಮೇಲೆ ಒಂದು ತೋಳೂ ಬಾತುಕೊಳ್ಳಲಿಲ್ಲ.

ಹೀಗಿರುವಾಗ ಒಂದು ಗುರುವಾರ ಜಿಲ್ಲೆಯಿಂದ ದೊಡ್ಡ ಡಾಕ್ಟರು ತಪಾಸಣೆಗೆ ಬರುವವರಿದ್ದರು. ದವಾಖಾನೆಗೆ ಒಂದು ಪಕ್ಕಾ ಕಂಪೌಂಡರ್ ಜಾಗ ಮಂಜೂರಾಗಿತ್ತು. ಅವರು ಮೆಚ್ಚಿದರೆ ಅದು ಸಾಯಬಣ್ಣನಿಗೆ. ಮೆಚ್ಚದಿದ್ದರೆ ಇನ್ನೊಬ್ಬನಿಗೆ.

ಅಂದು ಮುಂಜಾನೆ ಮೊದಲ ಗಂಟೆ ಬಾರಿಸಿತು. ಸಾಯಬಣ್ಣ ಎರಡೂ ಸಿರಿಂಜು, ಆರೂ ಸೂಜಿ ನೀರಿಗೆ ಬಿಟ್ಟು ಮೇಜು ತೊಳೆಯಲಿಕ್ಕೆ ಹೋದ. ತಿರುಗಿ ಬಂದಾಗ ಸಿರಿಂಜುಗಳ ನಡುವೆ ಒಂದು ತತ್ತಿ ಕುಣಿಯುತ್ತಿತ್ತು.

"ಸುಗರಾಬಿ, ಇದೇನು?" ಎಂದ. ಸುಗರಾಬಿ ದವಾಖಾನೆಯ ಆಯಾ.

"ಅಂಡಾ."

"ಅದು ನನಗೂ ಕಾಣಾಕತ್ತದ. ಯಾಕ ಹಾಕಿದಿ?"

"ದೊಡ್ಡ ಡಾಕ್ಟರಿಗೆ ನಾಷ್ಟಾ ಬ್ಯಾಡೇನು? ನೀರು ಸುಮ್ಮ ಕುದೀಲಿಕತ್ತಿತ್ತು. ತೊಳದೇ ಹಾಕೀನಿ, ನಿನ್ನ ಸೂಜಿಗೇನೂ ಆಗಂಗಿಲ್ಲ."

"ಒಡದರ?"

ತತ್ತಿ ಈ ಮಾತಿಗೇ ಕಾದಿದ್ದಂತೆ ಒಡೆಯಿತು. ಬಿಳಿ ಹೊರಗೆ ಬಂದು ಆರೂ ಸೂಜಿಗಳಿಗೆ ಮದುಮಕ್ಕಳ ರುಮಾಲಿನಂತೆ ಸುತ್ತಿಕೊಂಡಿತು.

ಸಾಯಬಣ್ಣ ನೀರು ಚೆಲ್ಲಿದ. ಪಾತ್ರೆ ತಿಕ್ಕಿದ. ಸಿರಿಂಜು ತೊಳೆದ. ಒಂದೊಂದೇ ಸೂಜಿಯ ತೂತಿಗೆ ತಂತಿ ಹಾಕಿ ಬಿಳಿ ತೆಗೆದ. ಆರನೆಯ ಸೂಜಿಗೆ ಬರುವಾಗ ಪಕ್ಕದಲ್ಲಿ ಎರಡನೆಯ ಗಂಟೆ ಬಾರಿಸಿತು. ಆ ದಿನದ ಇಪ್ಪತ್ತು ಮಿನಿಟು ಮುಗಿದಿತ್ತು, ನೀರಿನಲ್ಲಿ ಏನೂ ಇರಲಿಲ್ಲ.

"ಮತ್ತ ಹಾಕು. ಸಾಕನಿಸಿದಾಗ ತಗಿ," ಎಂದಳು ಸುಗರಾಬಿ.

ಬಾಗಿಲ ಬಳಿ ಬೆಂಚಿನ ಮೇಲೆ ಚಾಂದ್ ಕೂತಿದ್ದ. ಹೆಬ್ಬೆರಳು ಜಜ್ಜಿ, ಉಗುರಿನ ಕೆಳಗೆ ಕೀವಾಗಿ ಬಂದಿದ್ದ ಖಣಿಯವ. ಹಿಂದಿನ ವರ್ಷ ತೋಳು ಬಾತವರಲ್ಲಿ ಒಬ್ಬ ಅವನ ಅಣ್ಣ.

"ನನಗ ಅವಸರ ಇಲ್ಲ, ಸಾಯಬಣ್ಣ," ಎಂದ ಅವನು ಮೆಲ್ಲಗೆ. "ನಮ್ಮಣ್ಣಗ ಸಾಕನಿಸಿದಾಗ ತಗದಿದ್ದಿ."

ಸಾಯಬಣ್ಣ ಒಲೆಯ ಮೇಲೆ ಹೊಸ ನೀರಿಟ್ಟು ಪಕ್ಕದ ಮನೆಗೆ ಹೋದ.

"ಅಯ್ಯನವರ, ಇನ್ನೊಮ್ಮಿ ಪೂಜಿ ಮಾಡ್ರಿ."

"ಯಾಕೋ? ಮೊದಲಿಂದು ದೇವರಿಗಿ ಮುಟ್ಟಲಿಲ್ಲೇನು?"

"ದೇವರಿಗಿ ಮುಟ್ಟೇದ್ರಿ. ನನಗ ಮುಟ್ಟಿಲ್ಲ."

ಹೇಳದೆ ಗತಿ ಇರಲಿಲ್ಲ. ಎಲ್ಲ ಹೇಳಿದ. ಗುರುಲಿಂಗಯ್ಯ ವಿಭೂತಿಯ ಕೈ ಹಾಗೇ ಎತ್ತಿಕೊಂಡು ಕೇಳಿದ.

"ಅಂದರ ಇಷ್ಟು ದಿನ ನನ್ನ ಪೂಜಿ ಮ್ಯಾಲ ಸರಕಾರಿ ಸೂಜಿ ಕುದೀಲಿಕತ್ತಾವ. ನನಗೊಂದು ಮಾತು ಹೇಳಿಲ್ಲ ನೀ."

"ತಪ್ಪಾತ್ರಿ."

"ಇವತ್ತ ಯಾರೋ ಬರ್ತಾರಂತಲ್ಲ?"

"ದೊಡ್ಡ ಡಾಕ್ಟರ್ರಿ."

"ಇಲ್ಲಿ ಅಂದದ್ದು ಅವರಿಗಿ ಕೇಳತದೇನು?"

"ನಡುವ ಒಂದೇ ಗ್ವಾಡಿ ಅದ್ರಿ."

"ನೀ ನಡಿ. ನಾ ನೋಡ್ಕೋತೀನಿ."

ಆ ಮಾತಿನ ಅರ್ಥ ಯೋಚಿಸಲಿಕ್ಕೆ ಸಾಯಬಣ್ಣನಿಗೆ ಪುರಸೊತ್ತಿರಲಿಲ್ಲ. ನೀರು ಕುದಿಬಂತು, ಗಂಟೆ ಬಾರಿಸಿತು, ಎಲ್ಲ ಮತ್ತೆ ನೀರಿಗೆ ಬಿತ್ತು.

ಅಷ್ಟರಲ್ಲಿ ಖಣಿಯ ಗುತ್ತೇದಾರ ಬಸವಂತರಾಯ ಬಂದ. ಮೊಣಕಾಲು ನೋವಿಗೆ ಡಾಕ್ಟರು ಅವನಿಗೆ ವಾರಕ್ಕೊಂದು ಇಂಜೆಕ್ಷನ್ ಬರೆದಿದ್ದರು.

"ನಂದು ಮೊದಲ ಚುಚ್ಚು. ಕೋಡ್ಲಾಕ್ಕ ಹೋಗೋದದ."

"ಸೂಜಿ ಕುದೀಲಿಕತ್ತಾವ್ರಿ. ಕುಂದ್ರಿ."

"ಒಂದು ತಗದು ಸ್ಪಿರಿಟಿನಾಗ ಒರಸು. ನನಗ ಹಾಕಿದ ಮ್ಯಾಲ ಅದೇ ಚಾಂದಗ ಹಾಕು. ನಾ ಏನೂ ಅನ್ನಂಗಿಲ್ಲ."

"ಒಬ್ಬರಿಗಿ ಒಂದೇರಿ."

"ನಮ್ಮ ಮನ್ಯಾಗ ಎಂಟು ಮಂದಿ ಒಂದೇ ಚೊಂಬಿನಾಗ ನೀರು ಕುಡೀತೀವಿ. ಯಾರಿಗೇನಾಗ್ಯಾದ?"

"ಚೊಂಬು ಯಾರ ರಕ್ತದಾಗೂ ಹೋಗಂಗಿಲ್ರಿ."

ಬಸವಂತರಾಯನಿಗೆ ಸಿಟ್ಟು ಬಂತು. ಚಾಂದನಿಂದ ಒಂದು ಮೊಳ ದೂರ ಕೂತುಕೊಂಡ.

ಟಾಂಗಾ ಬಂತು. ಶೌಕತ ಅಲಿಯ ಹಿಂದೆ ದೊಡ್ಡ ಡಾಕ್ಟರು ಇಳಿದರು. ಕಪ್ಪು ಶೇರವಾನಿಯ ತೆಳ್ಳನೆಯ ಮನುಷ್ಯ. ರಾಯಚೂರಿನಲ್ಲಿ ನೌಕರಿ ಮಾಡುವಾಗ ಕನ್ನಡ ಕಲಿತಿದ್ದರು, ಅದು ಎಲ್ಲರಿಗೂ ತಿಳಿಯಲೆಂದು ಕನ್ನಡದಲ್ಲೇ ಮಾತಾಡುತ್ತಿದ್ದರು. ಗೋಡೆಯ ಕಾಗದ ಓದಿದರು. ಪಾತ್ರೆಯಲ್ಲಿ ಇಣುಕಿದರು.

"ಆತೇನು? ತಗೀತಿ?"

"ಇನ್ನೂ ಗಂಟಿ ಆಗಿಲ್ರಿ," ಎಂದ ಸಾಯಬಣ್ಣ.

ದೊಡ್ಡ ಡಾಕ್ಟರು ಶೌಕತ ಅಲಿಯ ಕಡೆ ತಿರುಗಿದರು. "ಪೂರಾ ಗಂಟಿ ಕುದಿಸತಾರ? ಬೇರೆ ಕಡೆ ಹತ್ತು ಮಿನಿಟು ಕುದಿಸಲಿಕ್ಕೆ ಅಳತಾರ."

ಶೌಕತ ಅಲಿಗೂ ಇದು ಹೊಸ ಸುದ್ದಿ. ಆದರೆ ಹದಿನೆಂಟು ವರ್ಷ ನೌಕರಿ ಮಾಡಿದವರು. ಹೊಗಳಿಕೆಯನ್ನು ತಿದ್ದುವ ಅಭ್ಯಾಸ ಇಟ್ಟುಕೊಂಡಿರಲಿಲ್ಲ. ಕೈ ತೊಳೆಯಲಿಕ್ಕೆ ಹೋದರು.

ಪಕ್ಕದಲ್ಲಿ ಗುರುಲಿಂಗಯ್ಯ ಬರುತ್ತಿದ್ದ ಮಂತ್ರವನ್ನೆಲ್ಲ ಒಮ್ಮೆ ಹೇಳಿದ. ಗೋಡೆಯ ಆಚೆ ದೊಡ್ಡವರ ದನಿ ಕೇಳಿ ಮತ್ತೊಮ್ಮೆ ಹೇಳಿದ, ಇನ್ನಷ್ಟು ಗಟ್ಟಿಯಾಗಿ. ಮೂರನೆಯ ಸಲವೂ ಮುಗಿದಾಗ ಸಾಯಬಣ್ಣ ಚಿಮಟ ಎತ್ತಿದ. ಗಂಟೆ ಬಾರಿಸಲಿಲ್ಲ. ಗುರುಲಿಂಗಯ್ಯ ಸೋಬಾನೆ ಪದ ಎತ್ತಿಕೊಂಡಿದ್ದ. ಅದೂ ಮುಗಿಯಿತು. ಆಮೇಲೆ ಉರ್ದು ಶಾಲೆಯ ಮಗ್ಗಿ ರಾಗವಾಗಿ ಕೇಳತೊಡಗಿತು.

ಇಪ್ಪತ್ತು ಮಿನಿಟು ಎಂದೋ ಆಗಿರಬೇಕು ಎಂದು ಸಾಯಬಣ್ಣನಿಗೆ ಅನಿಸುತ್ತಿತ್ತು. ಆದರೆ ಅನಿಸುವುದು ಎಂದರೆ ಅಂದಾಜು. ಬೆಂಚಿನ ಮೇಲೆ ಚಾಂದ್ ನೋಡುತ್ತಿದ್ದ. ಗೋಡೆಯ ಮೇಲೆ ಕಾಗದ ಇತ್ತು.

ಪಾತ್ರೆಯ ನೀರು ತಳ ಸೇರಿತು. ಹನ್ನೆರಡರ ಮಗ್ಗಿ ನಡೆದಾಗ ಸಾಯಬಣ್ಣ ಕೊಡದಿಂದ ಒಂದು ತಂಬಿಗೆ ನೀರು ಸುರಿದ. ತಣ್ಣೀರು. ಪಾತ್ರೆಯಲ್ಲಿ ಟಿಕ್ ಎಂದಿತು.

"ಏನದು?" ಎಂದರು ದೊಡ್ಡ ಡಾಕ್ಟರು.

"ಸಿರಿಂಜ ಒಂದು ಸೀಳಿತ್ರಿ."

ನೀರು ಮತ್ತೆ ಕುದಿಯತೊಡಗಿತು. ಪಕ್ಕದ ಮನೆ ಒಮ್ಮೆಲೆ ಸುಮ್ಮನಾಯಿತು. ಇನ್ನೇನು ಗಂಟೆ ಎಂದು ಸಾಯಬಣ್ಣ ಉಳಿದ ಸಿರಿಂಜನ್ನು ಚಿಮಟದಲ್ಲಿ ಹಿಡಿದು ಸಿದ್ಧನಾದ. ಗಂಟೆ ಬಾರಿಸಿತು. ಆದರೆ ಗೋಡೆಯ ಆಚೆ ಅಲ್ಲ, ಅವನ ಕಿವಿಯ ಹಿಂದೆ. ಗುರುಲಿಂಗಯ್ಯ ದೊಡ್ಡ ಡಾಕ್ಟರಿಗೆ ಮಂಗಳಾರತಿ ಕೊಡಲಿಕ್ಕೆ ಗಂಟೆ ಬಾರಿಸುತ್ತ ಖುದ್ದಾಗಿ ಬಂದಿದ್ದ.

ಸಾಯಬಣ್ಣ ಹಾರಿಬಿದ್ದ. ಸಿರಿಂಜು ಶಹಾಬಾದಿನ ಫರಸಿಯ ಮೇಲೆ ಬಿತ್ತು. ಆ ಕಲ್ಲಿನ ಮೇಲೆ ಬಿದ್ದ ಗಾಜು ಎಂದೂ ಉಳಿದಿಲ್ಲ. ಮೊಳಕೈ ತಾಗಿ ಪಾತ್ರೆಯೂ ಉರುಳಿತು. ಸೂಜಿಗಳು ಚೆಲ್ಲಾಪಿಲ್ಲಿಯಾದವು, ಹಿಂದೆ ಸರಿದ ಗುರುಲಿಂಗಯ್ಯನ ಕಟ್ಟಿಗೆಯ ಪಾದುಕೆ ನಾಲ್ಕು ಸೂಜಿಗಳ ಮೇಲೆ ಬಿತ್ತು. ನಾಲ್ಕೂ ಬಾಗಿದವು.

ದೊಡ್ಡ ಡಾಕ್ಟರು ಆರತಿ ತೆಗೆದುಕೊಂಡು, ತಮ್ಮ ಚರ್ಮದ ಪೆಟ್ಟಿಗೆ ತೆರೆದು, ಸ್ವಂತ ಸಿರಿಂಜು ಕೊಟ್ಟರು.

"ಇದನ್ನ ಕುದಿಸು. ಇಪ್ಪತ್ತು ಮಿನಿಟು ಸಾಕು. ಗಡಿಯಾರ ನಾ ಹಿಡೀತೀನಿ."

ಅದನ್ನೂ ನೆಟ್ಟಗಿದ್ದ ಎರಡು ಸೂಜಿಗಳನ್ನೂ ಸಾಯಬಣ್ಣ ಕುದಿಸಿದ. ಕೈ ತೊಳೆದ. ಸೂಜಿಗೆ ಬೆರಳು ತಾಗಿಸದೆ ಮದ್ದು ಏರಿಸಿ ಕೊಟ್ಟ. ಶೌಕತ ಅಲಿ ಚಾಂದನ ಹೆಬ್ಬೆರಳಿಗೆ ಚುಚ್ಚಿ ಜೋಮು ಮಾಡಿ ಕೊಯ್ದರು. ಬಳಸಿದ ಸೂಜಿಯನ್ನು ಸಾಯಬಣ್ಣ ಒರಸಲಿಲ್ಲ, ಅದರ ತುದಿ ಮುಚ್ಚಲಿಕ್ಕೂ ಹೋಗಲಿಲ್ಲ, ನೇರವಾಗಿ ಬೇರೆ ಬಟ್ಟಲಿಗೆ ಹಾಕಿದ. ಸಿರಿಂಜು ಒಂದೇ ಇದ್ದದ್ದರಿಂದ ಬಸವಂತರಾಯನಿಗೆ ಮುಂದಿನ ವಾರ ಬರಲಿಕ್ಕೆ ಹೇಳಿದ; ಅವನು ಏಳದೆ ಬೆಂಚಿನ ಮೇಲೇ ಕೂತ. ಚಾಂದ್ ಬೆರಳು ನೋಡಿಕೊಂಡು, "ನೋವೇ ಆಗಲಿಲ್ಲ," ಎಂದು ಮನೆಗೆ ಹೋದ.

ದೊಡ್ಡ ಡಾಕ್ಟರು ಕುರ್ಚಿ ಎಳೆದುಕೊಂಡರು.

"ಕೆಲಸ ಚಲೋ ಅದ. ಒಂದು ಮಾತು ಹೇಳು. ದಿನಾ ಗಂಟಿ ನೋಡೋರು ಯಾರು? ನಿನ್ನ ಹತ್ತಿರ ಅದಯೇನು?"

ಸಾಯಬಣ್ಣ ಸುಳ್ಳು ಹೇಳುವವನಲ್ಲ. "ನನ್ನ ಹತ್ತಿರ ಇಲ್ರಿ. ಗಂಟಿ ಗುರುಲಿಂಗಯ್ಯನವರದು."

"ದಿನಾ ಬರೋಬರಿ ಇರತದ?"

"ಒಂದು ದಿನಾನೂ ತಪ್ಪಿಲ್ರಿ."

"ಅವರ ಗಂಟಿ ಇಲ್ಲಂದರ?"

"ನಾ ಸೂಜಿ ಮುಟ್ಟಂಗಿಲ್ರಿ."

"ಖರೇ ಅದ ಸಾಹೇಬರ," ಎಂದ ಬೆಂಚಿನಿಂದ ಬಸವಂತರಾಯ. "ಇವನದೇನೂ ಇಲ್ಲ. ಎಲ್ಲಾ ಅವರದೇ."

ದೊಡ್ಡ ಡಾಕ್ಟರು ಗುರುಲಿಂಗಯ್ಯನನ್ನು ಎಷ್ಟು ಓದಿದ್ದೀ ಎಂದು ಉರ್ದುವಿನಲ್ಲಿ ಕೇಳಿದರು. ಅವನು ಉರ್ದುವಿನಲ್ಲೇ ಉತ್ತರ ಕೊಟ್ಟ. ಅವರು ಕೆಂಪು ಶಾಯಿಯಲ್ಲಿ ಅರ್ಧ ಪುಟ ಬರೆದು, ಸಹಿ ಮಾಡಿ, ಟಾಂಗಾ ಹತ್ತಿ ರೈಲಿಗೆ ಹೋದರು.

ಶೌಕತ ಅಲಿ ಕನ್ನಡಕ ಹಾಕಿಕೊಂಡು ಓದಿದರು. ಇನ್ನೊಮ್ಮೆ ಓದಿದರು.

"ಏನಂದಾರ್ರಿ?"

"ಇಂಜೆಕ್ಷನ್ ಕೆಲಸ ಜಿಲ್ಲೆಗೇ ಮಾದರಿ ಅಂತ ಬರದಾರ. ಅದಕ್ಕ ಕಾರಣ ಗಡಿಯಾರ ಇಟ್ಟುಕೊಂಡು, ದಿನಾ ತಪ್ಪದೆ ವೇಳೆ ನೋಡೋ ಗುರುಲಿಂಗಯ್ಯ. ಪಕ್ಕಾ ಜಾಗ ಅವರಿಗಿ. ಸಿರಿಂಜು ಒಡದವ ಹಂಗಾಮಿನೇ ಇರಲಿ." ಕನ್ನಡಕ ತೆಗೆದರು. "ಇವರ ಹತ್ತಿರ ಗಡಿಯಾರ ಯಾವಾಗ ಬಂತು ಸಾಯಬಣ್ಣ?"

"ಗಡಿಯಾರ ಅಲ್ರಿ. ಗಂಟಿ." ಸಾಯಬಣ್ಣ ಗುರುಲಿಂಗಯ್ಯನ ಕೈ ತೋರಿಸಿದ. "ಅದು."

ಶೌಕತ ಅಲಿ ಹಿತ್ತಾಳೆಯ ಗಂಟೆಯನ್ನು ಬಹಳ ಹೊತ್ತು ನೋಡಿದರು.

"ಸಹಿ ಆಗಿ ಹೋಗ್ಯಾದಪ್ಪ," ಎಂದರು.

ಗುರುಲಿಂಗಯ್ಯ ಒಳ್ಳೆಯ ಮನುಷ್ಯ. ಹುಕುಂ ಬೇಡ ಎನ್ನುವಷ್ಟು ಒಳ್ಳೆಯವನಲ್ಲ. ಸಾಯಬಣ್ಣನ ಹೆಗಲ ಮೇಲೆ ಕೈ ಇಟ್ಟ.

"ನೀ ಮೊದಲಿನಂಗ ಚುಚ್ಚಕೋತ ಇರು. ನಾ ಮ್ಯಾಲ ನೋಡ್ಕೋತೀನಿ. ಪೂಜಿ ಮಾತ್ರ ಇನ್ನ ಬೆಳಗಿನ ಜಾವ, ಸದ್ದಿಲ್ಲದ ಮುಗಸತೀನಿ. ಸರಕಾರಿ ಮನಶ್ಯಾ ಡ್ಯೂಟಿ ಹೊತ್ತಿನಾಗ ಗಂಟಿ ಬಾರಸಿದರ ಚಂದ ಕಾಣಂಗಿಲ್ಲ."

"ಮತ್ತ ಸೂಜಿಗಿರಿ?"

"ಅಂದಾಜಿನ ಮ್ಯಾಲ ತಗಿ," ಎಂದ ಪಕ್ಕಾ ಕಂಪೌಂಡರ್.

ಸಾಯಬಣ್ಣ ಪೊರಕೆ ತಂದು ಫರಸಿ ಗುಡಿಸಿದ. ಆ ಗುರುವಾರ ದವಾಖಾನೆಯಲ್ಲಿ ಹೋದದ್ದು ಸಿರಿಂಜು ಎರಡು, ಸೂಜಿ ನಾಲ್ಕು, ತತ್ತಿ ಒಂದು, ನೌಕರಿ ಒಂದು, ಗಂಟೆ ಒಂದು.