ಕಾಕಾನ ನಸೀಬವೂ ಕಾಕುವಿನ ಮೊರವೂ

ಆಟದಲ್ಲಿ ಸೋಲುವವರು ಊರಿಗೆ ನೂರು ಜನ ಸಿಗುತ್ತಾರೆ. ಅದರಲ್ಲೇನು ದೊಡ್ಡಸ್ತಿಕೆ? ಆದರೆ ಗೆದ್ದು ಮುಗಿದ ಆಟವನ್ನು ಕೈಯಾರೆ ಸೋತು ಬರುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ. ಬಸವಕಲ್ಯಾಣದಿಂದ ಹುಮನಾಬಾದಿನವರೆಗೆ ಹುಡುಕಿದರೂ ಆ ವಿದ್ಯೆಯಲ್ಲಿ ಪಾರಂಗತನಾದವನು ಒಬ್ಬನೇ ಸಿಗುತ್ತಿದ್ದ. ಅವನು ನಮ್ಮ ಕಾಕಾ, ಅಂದರೆ ಚಿಕ್ಕಪ್ಪ!

ಕಾಕಾ ಕಲ್ಯಾಣದಲ್ಲಿ ಟೇಲರ್. ಹೊಲಿಗೆ ಅವನ ಕಸುಬು, ಮೆಂಡಿಕೋಟ ಅವನ ಧರ್ಮ. ಗೊತ್ತಿಲ್ಲದವರಿಗೆ ಒಂದು ಮಾತು: ಮೆಂಡಿ ಅಂದರೆ ಇಸ್ಪೀಟಿನ ಹತ್ತು. ಎದುರುಬದುರು ಕೂತ ಇಬ್ಬರು ಒಂದು ಜೋಡಿ. ಎಲೆಗಳನ್ನೆಲ್ಲ ಹಂಚಿ, ನಾಲ್ಕು ಮೆಂಡಿಗಳಲ್ಲಿ ಮೂರನ್ನು ಯಾರು ಹಿಡಿಯುತ್ತಾರೋ ಆ ಜೋಡಿ ಗೆದ್ದಂತೆ. ಎರಡೂ ಜೋಡಿಗೆ ಎರಡೆರಡು ಬಂದರೆ ಹೆಚ್ಚು ಕೈ, ಅಂದರೆ ಹೆಚ್ಚು ಸುತ್ತು, ಎತ್ತಿದವರು ಗೆದ್ದರು. ಇಷ್ಟೇ ಆಟ. ಇಷ್ಟು ಸಣ್ಣ ಆಟದಲ್ಲಿ ಇಷ್ಟು ದೊಡ್ಡ ದುಃಖ ಹೇಗೆ ಹಿಡಿಸುತ್ತದೆ ಅನ್ನುವುದನ್ನು ನಾನು ಕಾಕಾನನ್ನು ನೋಡಿಯೇ ಕಲಿತದ್ದು.

ತೊಂಬತ್ತರ ದಶಕದಲ್ಲಿ ಪ್ರತಿ ವರ್ಷ ಮೆಂಡಿಕೋಟದ ಪಂದ್ಯಾವಳಿ ನಡೆಯುತ್ತಿತ್ತು. ಒಂದು ವರ್ಷ ಕಲ್ಯಾಣದಲ್ಲಿ, ಮರುವರ್ಷ ಹುಮನಾಬಾದಿನಲ್ಲಿ. ಕಾಕಾನ ಜೊತೆಗಾರ ಅವನ ಅಂಗಡಿಯ ಪಕ್ಕದಲ್ಲೇ ಗಡಿಯಾರ ರಿಪೇರಿ ಮಾಡುತ್ತಿದ್ದ ಚಾಚಾ. ಮೊದಲ ವರ್ಷವೇ ಇಬ್ಬರೂ ಫೈನಲ್ಲಿಗೆ ಹೋದರು. ಕೊನೆಯ ಹಂತದಲ್ಲಿ ಕಾಕಾ ಗತ್ತಿನಿಂದ ಬದಾಮ ಎಕ್ಕಾ, ಅಂದರೆ ಹಾರ್ಟಿನ ಏಸ್, ಇಳಿಸಿದ. ಅದಕ್ಕಿಂತ ದೊಡ್ಡ ಬದಾಮ ಇಲ್ಲ ಅಂತ ನಂಬಿ ಚಾಚಾ ಅದರ ಮೇಲೆ ತನ್ನ ಮೆಂಡಿ ಇಟ್ಟ. ಕಾಕಾ ಎಲೆಗಳನ್ನು ಎತ್ತಿಕೊಳ್ಳಲು ಕೈ ಚಾಚಿಯೂ ಆಗಿತ್ತು. ಆಗ ಕೊನೆಗೆ ಕೂತಿದ್ದ ಆಸಾಮಿ, "ನನ್ನ ಹಂತ್ಯಾಕ ಬದಾಮ ಇಲ್ರಿ" ಅಂತ ನಾಚಿಕೊಂಡು ಒಂದು ಎಲೆ ಇಟ್ಟ. ಹುಕುಂ ದುರ್ರಿ! ದುರ್ರಿ ಅಂದರೆ ಎರಡು, ಇಡೀ ಕಟ್ಟಿನಲ್ಲಿ ಅದಕ್ಕಿಂತ ಬಡ ಎಲೆ ಇಲ್ಲ. ಆದರೆ ಹುಕುಮಿನದಾದರೆ, ಅಂದರೆ ಆ ಆಟದ ತುರುಪಿನದಾದರೆ, ಅದು ಎಕ್ಕಾವನ್ನೂ ಹೊಡೆಯುತ್ತದೆ. ಎಕ್ಕಾ ಹೋಯಿತು, ಮೆಂಡಿ ಹೋಯಿತು, ಪಂದ್ಯದ ಕಪ್ಪೂ ಹೋಯಿತು.

ಅವತ್ತಿನಿಂದ ಕಾಕಾ 'ಎರಡು' ಅನ್ನುವ ಶಬ್ದವನ್ನೇ ಬಾಯಿಂದ ತೆಗೆದುಹಾಕಿದ. ನಂಬುತ್ತೀರಾ? ಬಸ್ಸಿನಲ್ಲಿ ಕಂಡಕ್ಟರನಿಗೆ, "ಒಂದು ಕೊಡ್ರಿ, ಅದರ ಜೋಡಿ ಇನ್ನೊಂದು ಕೊಡ್ರಿ" ಅನ್ನುತ್ತಿದ್ದ. ಅಳತೆ ಹೇಳುವಾಗ ಮೂವತ್ತೊಂದಾದ ಮೇಲೆ ಒಂದು ಕೆಮ್ಮು, ಆಮೇಲೆ ಮೂವತ್ಮೂರು. ಕೊಹಿನೂರಿನ ಗೌಡರೊಬ್ಬರು ಮಗನ ಮದುವೆಗೆ ಪ್ಯಾಂಟು ಹೊಲಿಸಲು ಬಂದರು. ಅವರ ಸೊಂಟ ಸರಿಯಾಗಿ ಮೂವತ್ತೆರಡು. ಕಾಕಾ ಕೆಮ್ಮಿದ. ಅಳತೆ ಬರೆದುಕೊಳ್ಳುತ್ತಿದ್ದ ಅವನ ಹೆಂಡತಿ, ನಮ್ಮ ಕಾಕು, ಮುಂದಿನ ಅಂಕಿಗೆ ಕಾಯ್ದಳು, ಕಾಕಾ ಮತ್ತೆ ಕೆಮ್ಮಿದ. ಕೊನೆಗೆ ಗೌಡರೇ ಅಂದರು, "ಮಾಸ್ಟರ್, ಮೊದಲು ಔಷಧ ತಗೊರ್ರಿ, ಪ್ಯಾಂಟ್ ಆಮ್ಯಾಲ ನೋಡಿದ್ರಾಯ್ತು!"

ಮರುವರ್ಷ ಹುಮನಾಬಾದಿನಲ್ಲಿ ಹೆದ್ದಾರಿಯ ಬಗಲಿಗೆ ಶಾಮಿಯಾನಾ ಹಾಕಿ ಆಡಿಸಿದರು. ಕಾಕಾ ಮೂರು ಮೆಂಡಿ ಒಳ್ಳೆ ಎಲೆಗಳ ಜೊತೆ ಹಿಡಿದು ಕೂತಿದ್ದ. ಹೈದರಾಬಾದಿನ ಕಡೆಯಿಂದ ಒಂದು ಲಾರಿ ಭರ್ರನೆ ಹೋಯಿತು ನೋಡಿ, ಆ ಗಾಳಿಗೆ ಅವನ ಎಲೆಗಳೆಲ್ಲ ಹಾರಿ, ಮುಖ ಮೇಲಾಗಿ ಬಿದ್ದವು. ನಿಯಮದ ಪ್ರಕಾರ ಮತ್ತೆ ಹಂಚಿದರು. ಈ ಸಲ ಕಾಕಾನಿಗೆ ಬಂದದ್ದು ಬರೀ ಕಸ. ಅದರ ಮುಂದಿನ ವರ್ಷ ಅವನು ಗಾಳಿಗೆ ಎಲೆ ಹಾರದಿರಲಿ ಅಂತ ಜುಬ್ಬದ ಕಿಸೆಯಲ್ಲಿ ನಾಲ್ಕು ಕಲ್ಲು ತುಂಬಿಕೊಂಡು ಹೋದ. ಜಗಳಕ್ಕೆ ಬಂದಿದ್ದಾನೆ ಅಂತ ತಿಳಿದು ಪಂದ್ಯದವರು ಅವನನ್ನು ಬಾಗಿಲಲ್ಲೇ ತಡೆದರು!

ಇನ್ನೊಂದು ಸಲ ಅವನಿಗೆ ಹೊಳೆದದ್ದು ದಿಕ್ಕಿನ ವಿಚಾರ. ತಾನು ಪ್ರತಿ ಸಲ ಪಶ್ಚಿಮದಿಂದ ಹುಮನಾಬಾದ್ ಹೊಗುತ್ತೇನೆ, ಅದಕ್ಕೇ ನಸೀಬ ಕೈ ಕೊಡುತ್ತದೆ, ಪೂರ್ವದಿಂದ ಹೊಕ್ಕರೆ ಗೆಲುವು ಖಂಡಿತ ಅಂದ. ಆದರೆ ಕಲ್ಯಾಣ ಇರುವುದೇ ಪಶ್ಚಿಮಕ್ಕೆ, ಏನು ಮಾಡುವುದು? ಬಸ್ಸು ಹುಮನಾಬಾದಿನಲ್ಲಿ ನಿಂತರೂ ಕಣ್ಣು ಮುಚ್ಚಿಕೊಂಡು ಕೂತು, ಮುಂದೆ ಮನ್ನಾಏಖೇಳ್ಳಿಗೆ ಹೋಗಿ ಇಳಿದ. ಪಾಪ, ಚಾಚಾನನ್ನೂ ಎಳೆದುಕೊಂಡು ಹೋಗಿದ್ದ. ಅಲ್ಲಿಂದ ತಿರುಗಿ ಬರಲು ನಿಂತರೆ ಬಂದ ಬಸ್ಸೆಲ್ಲ ತುಂಬಿ ಬಂದವು, ಒಂದೂ ನಿಲ್ಲಲಿಲ್ಲ. ಕೊನೆಗೆ ಒಂದು ಟ್ರ್ಯಾಕ್ಟರ್ ಹತ್ತಿ, ಉಳ್ಳಾಗಡ್ಡಿ ಚೀಲದ ಮೇಲೆ ಕೂತು, ಪೂರ್ವ ದಿಕ್ಕಿನಿಂದಲೇ ಹುಮನಾಬಾದ್ ಪ್ರವೇಶ ಮಾಡಿದರು. ಅಷ್ಟೊತ್ತಿಗೆ ಶಾಮಿಯಾನಾ ಬಿಚ್ಚುತ್ತಿದ್ದರು.

ಸೋಲನ್ನಾದರೂ ಸಹಿಸಬಹುದು. ಸೋತ ಮೇಲೆ ಕಾಕಾ ಹೇಳುವ ಕಥೆ ಇದೆಯಲ್ಲ, ಅದನ್ನು ಸಹಿಸುವುದು ಹೇಗೆ? ಮನೆಯಲ್ಲಿ ಅದಕ್ಕೆ ಪಂಚನಾಮಾ ಅಂತಲೇ ಹೆಸರು. ಯಾರು ಯಾವ ಎಲೆ ಇಟ್ಟರು, ಯಾರು ಯಾವಾಗ ಮೀಸೆ ತುರಿಸಿಕೊಂಡರು, ಒಂದೂ ಬಿಡುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕದ ಸೀಟಿನವರು ತಮ್ಮ ಊರು ಬರುವ ಮೊದಲೇ ಇಳಿದುಹೋಗುತ್ತಿದ್ದರು. ಕ್ಷೌರದ ಅಂಗಡಿಯಲ್ಲಿ ಅರ್ಧ ಗಡ್ಡ ಆದವರು ಸಹ ಎದ್ದು ಹೊರಗೆ ನಿಂತದ್ದುಂಟು. ಒಮ್ಮೆ ತೀರಿಕೊಂಡವರ ಮನೆಗೆ ಮಾತಾಡಿಸಲು ಹೋಗಿ, ಅಳುತ್ತಿದ್ದ ಮಗನಿಗೆ ದುರ್ರಿಯ ಕಥೆ ಹೇಳಿ ಬಂದ. "ಅವಗೂ ಗೊತ್ತಾಗ್ಲಿ, ದುಃಖ ಅವಗಷ್ಟೇ ಬಂದಿಲ್ಲ ಅಂತ" ಎಂದು ಸಮರ್ಥನೆ ಬೇರೆ!

ಕೊನೆಗೆ ಕಾಕು ಒಂದು ಕಾನೂನು ಮಾಡಿದಳು. ಒಂದು ದಿನ ಪಂಚನಾಮಾ ಶುರುವಾಗುತ್ತಿದ್ದಂತೆ ಅವನ ಮುಂದೆ ಮೊರ ತಂದಿಟ್ಟು, ಅದರಲ್ಲಿ ಒಂದು ಸೇರು ತೊಗರಿಬೇಳೆ ಸುರುವಿದಳು.

"ಇದೇನಿದು?" ಅಂದ ಕಾಕಾ.

"ಕಲ್ಲು ಆರಸ್ಕೋತ ಹೇಳ್ರಿ. ಕಥಿ ಮುಗಿಯೂತನ ಬ್ಯಾಳಿ ಹಸನ ಆಗಬೇಕು. ಮೊರ ಇಲ್ದ ಈ ಮನ್ಯಾಗ ಸೋತ ಕಥಿ ಇಲ್ಲ."

"ನನ್ನ ಜೀವಾ ಸುಡಾಕತ್ತದ, ನಿನಗ ಬ್ಯಾಳಿ ಚಿಂತಿ ಆಗ್ಯಾದ?"

"ಜೀವಾ ಸುಡ್ಲಿ, ಬ್ಯಾಳ್ಯಾಗ ಕಲ್ಲಿದ್ರ ಹಲ್ಲು ಮುರೀತಾವ್ರಿ."

ಅಲ್ಲಿಂದ ಶುರುವಾಯಿತು. ಸಣ್ಣ ಸೋಲಿಗೆ ಒಂದು ಸೇರು, ಫೈನಲ್ ಸೋತರೆ ನಾಲ್ಕು. ದುರ್ರಿಯ ಕಥೆ ಹಳೆಯದಾದರೂ ಅದಕ್ಕೆ ಐದು ಸೇರು ಬೇಕೇ ಬೇಕು. ಕಾಕು ಅಡುಗೆ ಮನೆಯ ಹೊಸ್ತಿಲಿಗೆ ಕೂತು ತನ್ನ ಕೆಲಸ ಮಾಡಿಕೊಳ್ಳುತ್ತಿದ್ದಳು, ಹೂಂ ಅನ್ನುತ್ತಿರಲಿಲ್ಲ, ಊಹೂಂ ಅನ್ನುತ್ತಿರಲಿಲ್ಲ. ಮೊದಲು ಇದು ಬರೀ ಚೇಷ್ಟೆ. ಮುಂದೆ ಅವಳ ಕಣ್ಣಿಗೆ ಮೋತಿಬಿಂದುವಿನ ಪೊರೆ ಬಂತು, ಬೇಳೆ ಯಾವುದು ಕಲ್ಲು ಯಾವುದು ಕಾಣದಾಯಿತು. ಆಪರೇಶನ್ ಅಂದರೆ ಹೆದರಿಕೆ, "ಮುಂದಿನ ವರ್ಷ ನೋಡೂಣು" ಅನ್ನುವುದೇ ಅವಳ ರೂಢಿ. ಕಾಕಾ ಸೋಲುತ್ತಿದ್ದ, ಕಾಕು ಬೇಳೆ ಸುರುವುತ್ತಿದ್ದಳು. ನಮ್ಮ ಮನೆಯ ಸಾರಿನಲ್ಲಿ ಒಂದು ಕಲ್ಲು ಸಿಕ್ಕ ನೆನಪು ನನಗಿಲ್ಲ.

ಹೀಗೆ ಹನ್ನೊಂದು ವರ್ಷ ಕಳೆದವು. ನನ್ನ ಮದುವೆಯಾಗಿ ನಾನು ಹುಮನಾಬಾದಿಗೆ ಬಂದೆ. ಹೊಸ ಶತಮಾನವೂ ಬಂತು, ಕಾಕಾನ ನಸೀಬ ಮಾತ್ರ ಹಳೆಯ ಶತಮಾನದಲ್ಲೇ ಕೂತಿತ್ತು. ಆಗ ಬಿತ್ತು ನೋಡಿ ದೊಡ್ಡ ಪೆಟ್ಟು. ಚಾಚಾ ಅವನನ್ನು ಬಿಟ್ಟ!

"ಮಾಸ್ಟರ್, ಸಿಟ್ಟಾಗಬ್ಯಾಡ್ರಿ. ಮಂದಿ ನಿಮಗ ಪನೋತಿ ಅಂತಾರ. ನನಗೂ ವಯಸ್ಸಾಗಾಕತ್ತದ. ಸಾಯೂದ್ರಾಗ ಒಮ್ಮಿ ಕಪ್ ಮುಟ್ಟಬೇಕು" ಅಂದ ಚಾಚಾ. ಹೇಳುವಾಗ ಅವನ ಕಣ್ಣಲ್ಲೂ ನೀರಿತ್ತಂತೆ. ಪನೋತಿ ಅಂದರೆ ಹೋದಲ್ಲೆಲ್ಲ ಕೆಟ್ಟ ನಸೀಬವನ್ನು ಬೆನ್ನಿಗೆ ಕಟ್ಟಿಕೊಂಡು ಹೋಗುವವನು, ಜೊತೆಗೆ ಕೂತವರಿಗೂ ಅದನ್ನು ಹಚ್ಚುವವನು. ಚಾಚಾ ಹುಮನಾಬಾದಿನ ಒಬ್ಬ ವಕೀಲರ ಜೋಡಿಯಾದ. ಕಾಕಾ ಊರೆಲ್ಲ ಕೇಳಿದ. ಒಬ್ಬರಿಗೆ ಬೆನ್ನು ನೋವು, ಒಬ್ಬರಿಗೆ ಊರಿಗೆ ಹೋಗುವುದಿತ್ತು. ಸೋತಾಗ ಒಮ್ಮೆಯೂ ಊಟ ಬಿಡದ ಮನುಷ್ಯ ಆ ದಿನ ತಟ್ಟೆಯ ಮುಂದಿನಿಂದ ಎದ್ದುಹೋದ. ಕಥೆ ಹೇಳಲಿಲ್ಲ. ಮೊರ ಕೇಳಲಿಲ್ಲ. ಮೂರು ದಿನ ಹಾಗೇ. ನಾಲ್ಕನೇ ದಿನ ಕಾಕು ಫೋನು ಮಾಡಿ ನನಗೆ ಹೇಳಿದಳು, "ಪಂದ್ಯಾ ನಿಮ್ಮ ಊರಾಗ ಅದ ಅಲ್ಲೇನವ್ವ? ನಾವಿಬ್ರೂ ಬರಾಕತ್ತೇವಿ. ನಿನ್ನ ಕಾಕಾನ ಜೋಡಿ ನಾನೇ ಕುಂದರಾಕಿ."

ತವರಿನಲ್ಲಿ ಅಣ್ಣಂದಿರ ಜೊತೆ ಆಡಿದ್ದಳಂತೆ. ಆದರೆ ಈಗ? ಅವಳೇ ಕಾಕಾನಿಗೆ, "ನನಗ ಎಲಿ ನೆಟ್ಟಗ ಕಾಣಂಗಿಲ್ಲ ನೋಡ್ರಿ" ಅಂದಿದ್ದಳಂತೆ. ಅದಕ್ಕೆ ಕಾಕಾ ಅಂದದ್ದು: "ನನಗ ಹನ್ನೊಂದು ವರ್ಷ ಕಂಡು ಏನಾಗ್ಯಾದ?"

ಆ ದಿನ ನಾನೂ ಕಾಕುವಿನ ಜೊತೆ ಹೋದೆ. ಗಂಡಸರಿಂದ ತುಂಬಿದ ಪಂದ್ಯದ ಹಾಲ್‌ನಲ್ಲಿ ಎಲ್ಲರೂ ನಮ್ಮ ಕಡೆ ತಿರುಗಿದರು. ಪಂದ್ಯದ ಯಜಮಾನರು ನಿಯಮದ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ, "ಹೆಣ್ಮಕ್ಕಳು ಆಡಬಾರದು ಅಂತ ಇದ್ರಾಗ ಎಲ್ಲೂ ಬರದಿಲ್ಲ" ಎಂದು ತಾವೇ ಆಶ್ಚರ್ಯಪಟ್ಟರು.

"ಬರದಿದ್ರೂ ನನಗ ಕಾಣ್ತಿರಲಿಲ್ಲ ಬಿಡ್ರಿ" ಅಂದು ಕಾಕು ಸೆರಗು ಸರಿಮಾಡಿಕೊಂಡು ಕೂತೇ ಬಿಟ್ಟಳು.

ಅವಳ ಆಟವೇ ಬೇರೆ. ತನ್ನ ಎಲೆಗಳನ್ನು ಒಂದೊಂದಾಗಿ ಮೂಗಿನ ಹತ್ತಿರ ಹಿಡಿದು ಒಮ್ಮೆ ನೋಡಿ ಜೋಡಿಸಿಕೊಳ್ಳುತ್ತಿದ್ದಳು. ಮೇಜಿನ ಮೇಲೆ ಬಿದ್ದ ಎಲೆ ಕಾಣದು. ಅದಕ್ಕೆ ಪ್ರತಿ ಸಲ, "ಏನ್ ಬಿತ್ತ್ರಿ?" ಅಂತ ಕೇಳಬೇಕು, ಇಟ್ಟವರೇ ಹೇಳಬೇಕು. ಮೊದಮೊದಲು ಎಲ್ಲರೂ ನಕ್ಕರು. ಮೂರನೇ ಆಟದ ಹೊತ್ತಿಗೆ ನಗು ನಿಂತಿತು. ಒಮ್ಮೆ ಕೇಳಿದ ಎಲೆಯನ್ನು ಈ ಹೆಂಗಸು ಮರೆಯುತ್ತಲೇ ಇರಲಿಲ್ಲ! ಮರೆಯುವುದು ಹೇಗೆ? ಹನ್ನೊಂದು ವರ್ಷ ಕಣ್ಣಿನಿಂದ ನೋಡದೆ, ಬರೀ ಕಿವಿಯಿಂದ ಮೆಂಡಿಕೋಟ ಆಡಿದ್ದಳಲ್ಲ. ಒಂದು ಜೋಡಿ ಹೋಯಿತು, ಎರಡನೆಯದು ಹೋಯಿತು, ಮೂರನೆಯದೂ ಹೋಯಿತು. ಫೈನಲ್ಲಿಗೆ ಎದುರು ಬಂದು ಕೂತವರು ಯಾರು? ಚಾಚಾ ಮತ್ತು ವಕೀಲರು!

ಕೊನೆಯ ಆಟ. ಎರಡು ಮೆಂಡಿ ನಮ್ಮವು, ಒಂದು ಅವರದು. ಉಳಿದ ಬದಾಮ ಮೆಂಡಿ ಕಾಕಾನ ಕೈಯಲ್ಲಿ. ಅದು ಹೋದರೆ ಸಮಸಮ, ಕೈ ಎಣಿಸಿದರೆ ಅವರೇ ಹೆಚ್ಚು. ಸ್ವಲ್ಪ ಮೊದಲು ಕಾಕು ಹುಕುಂ ಹೊಡೆದು ಒಂದು ಕೈ ಎತ್ತಬಹುದಿತ್ತು, ಆದರೆ ಸುಮ್ಮನೆ ಬೇರೆ ಎಲೆ ಒಗೆದಿದ್ದಳು. ಅವಳ ಹತ್ತಿರ ಹುಕುಂ ಇಲ್ಲ, ಎಲ್ಲ ಮುಗಿದಿವೆ ಅಂತಲೇ ಎಲ್ಲರ ಲೆಕ್ಕ. ಒಬ್ಬೊಬ್ಬರ ಕೈಯಲ್ಲಿ ಎರಡೇ ಎಲೆ ಉಳಿದಾಗ ಚಾಚಾ ನಿಧಾನಕ್ಕೆ ಒಂದು ಎಲೆ ಇಟ್ಟ.

"ಏನ್ ಬಿತ್ತ್ರಿ?"

"ಬದಾಮ ಎಕ್ಕಾ, ಭಾಭಿ" ಅಂದ ಚಾಚಾ. ಅವನ ದನಿಯಲ್ಲಿ ಕನಿಕರವಿತ್ತು.

ಕಾಕಾನ ಹತ್ತಿರ ಬದಾಮ ಅಂತ ಇದ್ದದ್ದು ಅದೊಂದೇ. ಇಡಲೇಬೇಕು, ಇಟ್ಟ.

"ನಿಮ್ಮದೇನ್ ಬಿತ್ತ್ರಿ?"

"ಮೆಂಡಿ" ಅಂದ ಕಾಕಾ. ತನ್ನ ಸಾವಿನ ಸುದ್ದಿಯನ್ನು ತಾನೇ ಹೇಳಿದಂತಿತ್ತು. ವಕೀಲರು ಬದಾಮ ಇಲ್ಲದೆ ಯಾವುದೋ ಚೌಕಟ್ ಎಲೆ ಒಗೆದರು. ಚಾಚಾ ಎಲೆ ಎತ್ತಲು ಕೈ ಚಾಚಿದ.

"ತಡೀರಿ, ನಂದು ಅದ ಇನ್ನಾ" ಅಂದಳು ಕಾಕು. ಒಂದು ಎಲೆಯನ್ನು ಮೂಗಿಗೆ ಹಿಡಿದು ನೋಡಿ, ಮೇಜಿನ ಮೇಲೆ ಇಟ್ಟಳು.

ಹುಕುಂ ದುರ್ರಿ!

ಹಾಲ್‌ನಲ್ಲಿ ಎಂಥ ಕೂಗು ಎದ್ದಿತೆಂದರೆ ಹೊರಗೆ ಹೋಗುತ್ತಿದ್ದವರೂ ಒಳಗೆ ಓಡಿ ಬಂದರು. ನಾನು ಕುರ್ಚಿಯ ಮೇಲೆ ನಿಂತು ಚಪ್ಪಾಳೆ ಹೊಡೆದೆ, ಅತ್ತೆ ಮನೆಯ ಊರು ಅನ್ನುವುದನ್ನೂ ಮರೆತು! "ಭಾಭಿ, ಅದನ್ನ ಯಾಕ ಇಟಗೊಂಡು ಕುಂತಿದ್ರಿ?" ಅಂತ ಚಾಚಾ ಕೇಳಿದರೆ, "ಹನ್ನೊಂದು ವರ್ಷ ಆ ದುರ್ರಿ ಕಥಿ ಕೇಳೀನ್ರಿ. ಅದನ್ನ ಹ್ಯಾಂಗ ಸುಮ್ಮ ಒಗೀಲಿ?" ಅಂದಳು. ಚಾಚಾ ತಲೆಗೆ ಕೈ ಹಚ್ಚಿಕೊಂಡು ವಕೀಲರ ಕಡೆ ತಿರುಗಿ, "ನೋಡ್ರಿ ಸಾಬ್, ನನ್ನ ಕೈಯಾಗ ಎಕ್ಕಾ ಇತ್ತು, ಹುಕುಂ ಮುಗದಾವ ಅಂತ ನಾ..." ಎಂದು ಶುರುಮಾಡಿದ.

"ಚಾಚಾ, ಮನಿಗಿ ಬರ್ರಿ" ಅಂದಳು ಕಾಕು. "ಇನ್ನೊಂದು ಮೊರ ಅದ."

ಕಪ್ಪನ್ನು ಚಾಚಾನ ಕೈಗೂ ಕೊಟ್ಟು ಮುಟ್ಟಿಸಿ, ಕಾಕಾ ಕಾಕು ನಮ್ಮ ಮನೆಗೆ ಬಂದರು. ಕಾಕಾ ಒಳಗೆ ಕಾಲಿಡುತ್ತಲೇ, "ಎರಡು ಕಪ್ ಚಹಾ ಇಡವ್ವ" ಅಂದ. ನಾನು ಅಡುಗೆ ಮನೆಯಲ್ಲಿ ನಿಂತಲ್ಲೇ ನಿಂತೆ. ಎರಡು! ಆ ಶಬ್ದ ಹನ್ನೊಂದು ವರ್ಷದ ಮೇಲೆ ಅವನ ಬಾಯಿಗೆ ಬಂದಿತ್ತು, ಅವನಿಗೇ ಗೊತ್ತಿರಲಿಲ್ಲ.

ಚಹಾ ಕುಡಿದು ಕಾಕಾ ಸ್ವಲ್ಪ ಹೊತ್ತು ಚಡಪಡಿಸಿದ. ಆಮೇಲೆ ಮೆಲ್ಲಗೆ, "ಮನ್ಯಾಗ ಮೊರ ಅದೇನವ್ವ?" ಅಂದ. ಗೆದ್ದವನಿಗೆ ಮೊರ ಯಾಕೆ ಅಂತ ನಗುತ್ತಲೇ ಒಂದು ಸೇರು ಬೇಳೆ ಹಾಕಿ ತಂದುಕೊಟ್ಟೆ. ಅವನು ಕಲ್ಲು ಆರಿಸುತ್ತ, ಮೊದಲ ಎಲೆಯಿಂದ ಕಥೆ ಶುರುಮಾಡಿದ. ಕಾಕು ಗೋಡೆಗೆ ಒರಗಿ ಕೂತಿದ್ದಳು. ಯಾವತ್ತೂ ಹೂಂಗುಟ್ಟದವಳು ಅವತ್ತು ಮಾತು ಮಾತಿಗೆ "ಆಮ್ಯಾಲ?" ಅನ್ನುತ್ತಿದ್ದಳು.

ಅಲ್ಲ, ಆ ಮೇಜಿನಲ್ಲಿ ಕೂತು ಆಡಿದವಳೇ ಇವಳು, ಇವಳಿಗೇಕೆ ಈ ಕಥೆ ಅಂತ ನನಗೆ ವಿಚಿತ್ರ ಅನ್ನಿಸಿತು. ಆಮೇಲೆ ಹೊಳೆಯಿತು. ಅವಳು ಆಡಿದ್ದಳು, ಗೆದ್ದಿದ್ದಳು. ನೋಡಿರಲಿಲ್ಲ.

"ನೀ ದುರ್ರಿ ಇಟ್ಟಾಗ ಚಾಚಾನ ಮಾರಿ ನೋಡಬೇಕಿತ್ತು" ಅಂದ ಕಾಕಾ. "ವಕೀಲರ ಕನ್ನಡಕ ಮೂಗಿನ ತುದಿಗಿ ಬಂದಿತ್ತು."

"ಆಮ್ಯಾಲ?" ಕಾಕು ಕೇಳಿದಳು, "ನಿಮ್ಮ ಮಾರಿ ಹ್ಯಾಂಗಿತ್ತ್ರಿ?"

ಮೊರದಲ್ಲಿ ಓಡಾಡುತ್ತಿದ್ದ ಕಾಕಾನ ಬೆರಳು ನಿಂತವು. ಅವನು ಕಣ್ಣು ಒರೆಸಿಕೊಂಡ. ಅದೂ ಅವಳಿಗೆ ಕಾಣಲಿಲ್ಲ.

"ಮೊದಲು ಕಣ್ಣು ಆಪರೇಶನ್ ಮಾಡಸ್ಕೊ" ಅಂದ ಕಾಕಾ. "ಮುಂದಿನ ವರ್ಷ ನೀನೇ ನೋಡೀಯಂತ."

"ಆಗ್ಲಿ" ಅಂದಳು ಕಾಕು. ಇಷ್ಟು ವರ್ಷದಲ್ಲಿ ಮೊದಲ ಸಲ ಒಪ್ಪಿದ್ದಳು. "ಅಲ್ಲಿತನ ನೀವೇ ಹೇಳ್ರಿ. ಮೊದಲಿಂದ ಹೇಳ್ರಿ."

ನಾನು ಕಣ್ಣು ಒರೆಸಿಕೊಳ್ಳುತ್ತ ಒಳಗೆ ಹೋಗಿ, ಇನ್ನೊಂದು ಸೇರು ಬೇಳೆ ತಂದು ಮೊರಕ್ಕೆ ಸುರುವಿದೆ.