ಶಿಕಾಗೊ, ಹ್ಯೂಸ್ಟನ್ ಮತ್ತು ಮೂರನೇ ಪಾತ್ರೆ

ಅಮೆರಿಕದ ಎರಡು ಊರುಗಳಲ್ಲಿ ಯಾವುದು ವಾಸಕ್ಕೆ ಯೋಗ್ಯ ಎಂದು ತೀರ್ಮಾನಿಸಲು ಅಮೆರಿಕ ನೋಡಿರಲೇಬೇಕೆಂದೇನಿಲ್ಲ. ನಾನು ನೋಡಿಲ್ಲ. ತೀರ್ಮಾನಿಸಿದ್ದೇನೆ!

ನಾನು ಕುವೈತಿನ ಫರ್ವಾನಿಯಾದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ದೋಸೆ ಹೊಯ್ಯುವವನು. ಓದು ಏಳನೇ ಕ್ಲಾಸು. ಬಡತನ ಓದಲು ಬಿಡಲಿಲ್ಲ ಎಂದರೆ ನಿಮಗೆ ಕನಿಕರ ಬರಬಹುದು; ನಿಜವಾಗಿ ಓದಲು ಬಿಡದೆ ಇದ್ದದ್ದು ಭಾಗಾಕಾರ. ನನ್ನ ತಂಗಿ ಶಾಲಿನಿಗೆ ಭಾಗಾಕಾರ ಬರುತ್ತಿತ್ತು. ಅವಳು ನರ್ಸಾದಳು. ಆರು ವರ್ಷದಿಂದ ಇಲ್ಲೇ ಜಾಬ್ರಿಯಾದ ಒಂದು ಆಸ್ಪತ್ರೆಯಲ್ಲಿದ್ದಳು. ರಜೆಯ ದಿನ ಬಸ್ಸು ಹಿಡಿದು ಬಂದು, ನನ್ನ ಕಾವಲಿಯ ಎದುರಿನ ಮೇಜಿನಲ್ಲೇ ಕೂತು ಎರಡು ದೋಸೆ ತಿನ್ನುವಳು. ಮೂರನೆಯದಕ್ಕೆ ತಕರಾರು ತೆಗೆಯುವಳು. ಆಮೇಲೆ ಅದನ್ನೂ ತಿಂದು ಹೋಗುವಳು.

ಒಂದು ಶುಕ್ರವಾರ ಮೂರನೇ ದೋಸೆಗೆ ತಕರಾರೇ ಬರಲಿಲ್ಲ. ನನಗೆ ಆಗಲೇ ಅನುಮಾನ ಬಂತು.

"ಅಣ್ಣ, ಅಮೆರಿಕದಲ್ಲಿ ಎರಡು ಆಸ್ಪತ್ರೆಯವರು ನನ್ನನ್ನು ಆರಿಸಿದ್ದಾರೆ. ಒಂದು ಶಿಕಾಗೊ, ಒಂದು ಹ್ಯೂಸ್ಟನ್. ಮುಂದಿನ ಗುರುವಾರದೊಳಗೆ ಯಾವುದು ಅಂತ ಏಜೆನ್ಸಿಗೆ ಹೇಳ್ಬೇಕು. ನಿನ್ನ ಹೋಟೆಲಿಗೆ ನೂರಾರು ಜನ ಬರ್ತಾರಲ್ಲ, ಅಲ್ಲಿ ನೆಂಟರು ಇರುವವರು ಸಿಕ್ಕಿದ್ರೆ ಸ್ವಲ್ಪ ವಿಚಾರಿಸಿ ನೋಡು. ವಿಚಾರಿಸುವುದು, ಅಷ್ಟೆ."

ಕೊನೆಯ ಆ 'ಅಷ್ಟೆ' ನನ್ನ ಕಿವಿಗೆ ಬಿತ್ತು. ಒಳಗೆ ಹೋಗಲಿಲ್ಲ.

ನಮ್ಮ ಕಡೆ ಹುಡುಗಿಗೆ ಎರಡು ಸಂಬಂಧ ಬಂದರೆ ವಿಚಾರಿಸುವ ಜವಾಬ್ದಾರಿ ಅಣ್ಣನದು. ಹುಡುಗನ ನೆಂಟರನ್ನು ಕೇಳಬಾರದು. ಅವನೊಂದಿಗೆ ಬೇಲಿ ಜಗಳ ಆಡಿದವರನ್ನು ಕೇಳಬೇಕು. ಶಿಕಾಗೊ ಎಂಬ ವರ, ಹ್ಯೂಸ್ಟನ್ ಎಂಬ ವರ. ನಾನು ಅದೇ ಪದ್ಧತಿಯಲ್ಲಿ ಕೆಲಸ ಶುರು ಮಾಡಿದೆ. ಮಸಾಲೆ ದೋಸೆ ಕೇಳಿದವರಿಗೆಲ್ಲ ಮೊದಲು ಒಂದು ಪ್ರಶ್ನೆ, ಆಮೇಲೆ ದೋಸೆ!

ಧಾರವಾಡ ಕಡೆಯ ಎಂಜಿನಿಯರ್ ಒಬ್ಬರು ಹೇಳಿದರು: "ಶಿಕಾಗೋದಾಗ ನಮ್ಮ ತಮ್ಮ ಅದಾನ್ರಿ. ರೈಲು, ಬಸ್ಸು ಎಲ್ಲಾ ಛಲೋ ಅದಾವ. ಆದ್ರ ಚಳಿಗಾಲದಾಗ ಫೋಟೋ ಕಳಿಸಿದ್ರ ತಮ್ಮ ಯಾಂವ ಅಂತ ಗುರ್ತಾ ಸಿಗಂಗಿಲ್ಲ. ಬರೇ ಕೋಟು ಕಾಣ್ತದ."

"ಹ್ಯೂಸ್ಟನ್?"

"ಅಲ್ಲಿ ನನ್ನ ಹೆಂಡತಿ ಅಣ್ಣ ಅದಾನ. ಸೆಕಿ ನಮ್ಮ ಕುವೈತಿನಂಗ. ಕಾರು ಇಲ್ದ ಉಪ್ಪು ತರಾಕೂ ಆಗಂಗಿಲ್ಲಂತ. ಜೋರು ಮಳಿ ಬಂದ್ರ ಕಾರೂ ನಡ್ಯಂಗಿಲ್ಲ, ತೇಲ್ತದ. ದೋಸೆ ಸೀದೈತಿ ನೋಡ್ರಿ."

ಸೀದಿತ್ತು. ಆ ವಾರ ಅಮೆರಿಕದ ದೆಸೆಯಿಂದ ಸೀದ ದೋಸೆಗಳಿಗೆ ಲೆಕ್ಕವಿಲ್ಲ.

ಒಬ್ಬರು ಹೊಗಳಿದ್ದನ್ನು ಇನ್ನೊಬ್ಬರು ತೆಗಳಿದರು. ಹಾಗಾಗಿ ನಾನೇ ಪರೀಕ್ಷೆ ಮಾಡುವುದೆಂದು ನಿಶ್ಚಯಿಸಿದೆ. ಒಂದು ಊರು ಬದುಕಲು ಯೋಗ್ಯವೋ ಅಲ್ಲವೋ ಎಂಬುದಕ್ಕೆ ನನ್ನ ಪ್ರಕಾರ ಒಂದೇ ಅಳತೆ: ಅಲ್ಲಿ ದೋಸೆ ಹಿಟ್ಟು ಉಬ್ಬುತ್ತದೋ ಇಲ್ಲವೋ? ನಗಬೇಡಿ. ಹಿಟ್ಟು ಉಬ್ಬದ ಊರಿನಲ್ಲಿ ಮನುಷ್ಯ ಹೇಗೆ ಉಬ್ಬುತ್ತಾನೆ?

ಒಂದೇ ಅಕ್ಕಿ, ಒಂದೇ ಉದ್ದು, ಮೂರು ಪಾತ್ರೆ. ಒಂದನ್ನು ತರಕಾರಿ ಇಡುವ ಕೋಲ್ಡ್ ರೂಮಿನಲ್ಲಿಟ್ಟೆ. ಅದು ಶಿಕಾಗೊ. ಇನ್ನೊಂದನ್ನು ಹೋಟೆಲಿನ ಹಿಂದೆ, ಬಿಸಿಗಾಳಿ ಉಗುಳುವ ಎ.ಸಿ. ಯಂತ್ರದ ಮೇಲಿಟ್ಟೆ. ಅದು ಹ್ಯೂಸ್ಟನ್. ಮೂರನೆಯದು ಅಡುಗೆಮನೆಯ ಮೂಲೆಯಲ್ಲಿ. ಅದು ಕುವೈತ್. ಕುವೈತನ್ನು ಯಾರೂ ಕೇಳಿರಲಿಲ್ಲ. ಆದರೂ ಬಂದವರನ್ನು ಹೊರಗೆ ನಿಲ್ಲಿಸಲಾಗುತ್ತದೆಯೆ? ಆ ಮೂರನೇ ಪಾತ್ರೆಗೆ, ಯಾರೂ ನೋಡದಾಗ, ಒಂದು ಸೌಟು ಹಳೆ ಹುಳಿ ಹಿಟ್ಟು ಬೆರೆಸಿದೆ. ಏಳನೇ ಕ್ಲಾಸಿನಲ್ಲಿ ಕಾಪಿ ಹೊಡೆಯಲು ಬಾರದೆ ಫೇಲಾದವನು ನಲವತ್ತೈದನೇ ವಯಸ್ಸಿನಲ್ಲಿ ಕಲಿತುಕೊಂಡೆ.

ಫಲಿತಾಂಶ ಬುಧವಾರ ಬಂತು. ಶಿಕಾಗೊ ಕಲ್ಲಿನಂತೆ ಕೂತಿತ್ತು. ಕುವೈತ್ ಮಲ್ಲಿಗೆಯಂತೆ ಅರಳಿತ್ತು. ಹ್ಯೂಸ್ಟನ್ ಪಾತ್ರೆಯಲ್ಲೇ ಇರಲಿಲ್ಲ! ಉಬ್ಬಿ, ಮುಚ್ಚಳ ತಳ್ಳಿ, ಯಂತ್ರದ ಸಂದಿಗಳಿಗೆ ಇಳಿದು ಬೆಂದು ಕೂತಿತ್ತು. ಊಟದ ಹೊತ್ತಿಗೆ ಸರಿಯಾಗಿ ಎ.ಸಿ. ನಿಂತಿತು. ಹೋಟೆಲಿನ ಒಳಗೆ ಅರವತ್ತು ಜನ ಸಾಂಬಾರಿಗಿಂತ ಹೆಚ್ಚು ಕುದಿಯುತ್ತಿದ್ದರು. ಹೋಟೆಲು ನೋಡಿಕೊಳ್ಳುವ ಶೆಟ್ರು ಹಿಂದೆ ಹೋಗಿ ನೋಡಿ ಬಂದರು.

"ಎಂತ ಮಾರಾಯ ಭಾಸ್ಕರ? ಎ.ಸಿ.ಗೆ ದೋಸೆ ಹೊಯ್ದದ್ದು ಯಾರು?"

"ಅದು ಹ್ಯೂಸ್ಟನ್, ಶೆಟ್ರೆ."

ಶೆಟ್ರು ನನ್ನ ಹಣೆ ಮುಟ್ಟಿ ನೋಡಿದರು. "ಜ್ವರ ಇಲ್ಲ," ಎಂದರು ಬೇಸರದಿಂದ.

ನಾನು ಸಟ್ಟುಗ ಹಿಡಿದು ಯಂತ್ರದಿಂದ ಹ್ಯೂಸ್ಟನ್ನನ್ನು ಕೆರೆಯುತ್ತಿದ್ದಾಗ ಫೋನು ಬಂತು. ಏಜೆನ್ಸಿಯ ಮಲಯಾಳಿ ಹೆಂಗಸು, ಹಿಂದಿಯಲ್ಲಿ. ಶಾಲಿನಿ ಡ್ಯೂಟಿಯಲ್ಲಿದ್ದಾಳೆ, ಫೋನ್ ಎತ್ತುತ್ತಿಲ್ಲ, ಎರಡನೇ ನಂಬರು ನಿಮ್ಮದೇ ಕೊಟ್ಟಿದ್ದಾಳೆ ಎಂದಳು. ಹ್ಯೂಸ್ಟನ್ನಿನವರಿಗೆ ಗುರುವಾರದವರೆಗೆ ಕಾಯಲು ಆಗುವುದಿಲ್ಲವಂತೆ. ಇವತ್ತು ಸಂಜೆಯೊಳಗೆ ಹೌದೋ ಅಲ್ಲವೋ ಹೇಳಬೇಕು, ಇಲ್ಲವಾದರೆ ಆ ಜಾಗ ಬೇರೆಯವರಿಗೆ.

ಹೆಣ್ಣಿನ ಕಡೆಯವರು ಮೊದಲ ಫೋನಿಗೇ ಹೌದು ಅಂದರೆ ಮರ್ಯಾದೆ ಉಳಿಯುತ್ತದೆಯೆ? ಗತ್ತು ಬೇಕು. ನಾನು ಗಂಟಲು ಸರಿಮಾಡಿಕೊಂಡೆ.

"ನಮಗೇನೂ ಅವಸರ ಇಲ್ಲ. ಬೇರೆ ಕಡೆಯಿಂದಲೂ ಬಂದಿದೆ. ಹಿರಿಯರು ಕೂತು ಮಾತಾಡಿ ತಿಳಿಸುತ್ತೇವೆ."

"ಹಿರಿಯರು ಯಾರು?"

"ನಾನೇ."

ನಮ್ಮ ಕಡೆ ಹೀಗೆ ಹೇಳಿದರೆ ಗಂಡಿನವರು ಇನ್ನೂ ಮೂರು ಸಲ ಫೋನ್ ಮಾಡುತ್ತಾರೆ, ನಾಲ್ಕನೇ ಸಲ ಹಣ್ಣು ಹಿಡಿದು ಮನೆಗೇ ಬರುತ್ತಾರೆ. ಹ್ಯೂಸ್ಟನ್ ಬರಲಿಲ್ಲ. ಅಷ್ಟು ದೊಡ್ಡ ಊರು, ಒಂದು ರೀತಿ ರಿವಾಜು ಗೊತ್ತಿಲ್ಲ!

ಇಷ್ಟರವರೆಗೆ ನಾನು ಯಾರ ಹತ್ತಿರವೂ ಕ್ಷಮೆ ಕೇಳುವುದಿಲ್ಲ. ಪದ್ಧತಿ ಪದ್ಧತಿಯೇ. ಆದರೆ ಒಂದು ಮಾತು ಇದೆ. ಸಂಜೆಗೆ ಮುಂಚೆ ಶಾಲಿನಿ ತಾನೇ ಫೋನ್ ಮಾಡಿ, "ನನ್ನನ್ನು ಕೇಳಿ ಯಾರಾದರೂ ಫೋನ್ ಮಾಡಿದ್ರಾ ಅಣ್ಣ?" ಎಂದಳು. "ಇಲ್ಲ," ಎಂದೆ. ಮರೆತೆ ಎಂದು ಶೆಟ್ರಿಗೆ ಹೇಳಿದ್ದೇನೆ, ಊರಿನಲ್ಲಿ ಹೆಂಡತಿಗೂ ಹೇಳಿದ್ದೇನೆ. ಮರೆತಿರಲಿಲ್ಲ.

ಮರುದಿನ ಅವಳು ಯೂನಿಫಾರ್ಮಿನಲ್ಲೇ ಬಂದಳು.

"ಹ್ಯೂಸ್ಟನ್ ಹೋಯ್ತು ಅಣ್ಣ."

"ಎಲ್ಲಿಗೆ?"

"ಬೇರೆ ಯಾರಿಗೋ ಅಂತೆ, ಏಜೆನ್ಸಿಯವಳು ಹೇಳಿದ್ಲು. ನಾನು ಇವತ್ತು ಅದಕ್ಕೇ ಹೂಂ ಹೇಳುವವಳಿದ್ದೆ. ನನಗೆ ಚಳಿ ಆಗಿಬರುವುದಿಲ್ಲ ಅಂತ ನಿನಗೆ ಗೊತ್ತುಂಟಲ್ಲ?"

ಗೊತ್ತಿತ್ತು. ನಮ್ಮ ಕರಾವಳಿಯ ಡಿಸೆಂಬರಿಗೇ ನನ್ನ ಕಂಬಳಿಯನ್ನೂ ಎಳೆದುಕೊಂಡು ಮಲಗುತ್ತಿದ್ದ ಹುಡುಗಿ ಅವಳು. ಆದರೆ ಸೋಲೊಪ್ಪುವುದು ನನ್ನ ಜಾತಕದಲ್ಲಿಲ್ಲ. ಮೂರನೇ ಪಾತ್ರೆ ತಂದು ಅವಳ ಮುಂದಿಟ್ಟೆ.

"ಶಿಕಾಗೊ, ಹ್ಯೂಸ್ಟನ್ ಎರಡೂ ಫೇಲು. ಇದು ಕುವೈತ್. ನೋಡು ಹೇಗೆ ಉಬ್ಬಿದೆ!"

ಅವಳು ಬಗ್ಗಿ ಮೂಸಿದಳು. ನಾನು ಬೆಳೆದ ಅಡುಗೆಮನೆಯಲ್ಲೇ ಬೆಳೆದವಳು.

"ಇದಕ್ಕೆ ಹಳೆ ಹಿಟ್ಟು ಹಾಕಿದ್ದೀ."

ನಾನು ಎ.ಸಿ. ಕಡೆ ನೋಡಿದೆ.

"ಹೋಗ್ಬೇಡ ಅಂತ ಹೇಳ್ಲಿಕ್ಕೆ ಇಷ್ಟು ಅಕ್ಕಿ ನೆನೆಹಾಕ್ಬೇಕಿತ್ತಾ ಅಣ್ಣ?"

ಉತ್ತರಕ್ಕೆ ಅವಳು ಕಾಯಲಿಲ್ಲ. ಅಲ್ಲೇ ನಿಂತು ಏಜೆನ್ಸಿಗೆ ಫೋನ್ ಹಚ್ಚಿ ಒಂದೇ ಮಾತು ಹೇಳಿದಳು: "ಶಿಕಾಗೊ." ಹೆಣ್ಣೇ ಮೊದಲು ಒಪ್ಪಿಬಿಟ್ಟಳು! ಗತ್ತು ಎಲ್ಲಾ ಖಲಾಸ್.

ಕಾಗದಪತ್ರ ಮುಗಿದು ಅವಳು ಹೊರಡುವಾಗ ವರ್ಷ ದಾಟಿತ್ತು. ಮೊದಲ ಚಳಿಗಾಲದಲ್ಲಿ ಫೋಟೋ ಕಳಿಸಿದಳು. ಧಾರವಾಡದವರು ಹೇಳಿದ್ದು ನಿಜ, ಬರೀ ಕೋಟು. "ನಾನು ಮೊದಲೇ ಹೇಳಲಿಲ್ವಾ?" ಎಂದು ಬರೆದೆ. ಅದಕ್ಕೆ ಉತ್ತರವಾಗಿ ಇನ್ನೊಂದು ಫೋಟೋ ಬಂತು: ಶಿಕಾಗೊದ ಅಡುಗೆಮನೆ, ಒಂದು ಪಾತ್ರೆ, ಬಾಯಿಯವರೆಗೆ ಉಬ್ಬಿದ ಹಿಟ್ಟು.

ಅದೇ ವಾರ ಕುವೈತಿಗೂ ಚಳಿ ಇಳಿಯಿತು. ಗಾಳಿ ಎಷ್ಟು ಕೊರೆಯಿತೆಂದರೆ ನಮ್ಮ ಹೋಟೆಲಿನ ಹಿಟ್ಟು ಎರಡು ದಿನ ಅಲ್ಲಾಡಲಿಲ್ಲ. ಹಳೆ ಹಿಟ್ಟು ಹಾಕಿದೆ, ಗೋಣಿ ಹೊದೆಸಿದೆ, ಬೈದೆ. ಶೆಟ್ರು, "ಭಾಸ್ಕರ, ಇದು ಯಾವ ಊರು?" ಎಂದು ಕೇಳುತ್ತಲೇ ಇದ್ದರು. ಇಪ್ಪತ್ತು ವರ್ಷ ದೋಸೆ ಹೊಯ್ದ ನಾನು ಕೊನೆಗೆ ಶಿಕಾಗೊಗೆ ಫೋನ್ ಮಾಡಿದೆ.

"ಹಿಟ್ಟು ಉಬ್ಬಲಿಕ್ಕೆ ನೀನು ಎಂತ ಮಾಡ್ತೀ?"

ಅವಳು ನಗು ನಿಂತ ಮೇಲೆ ಹೇಳಿದಳು: "ಓವನ್ನಿನ ಒಳಗೆ ಇಡು. ಬಿಸಿ ಮಾಡ್ಬೇಡ, ಒಳಗಿನ ಲೈಟ್ ಮಾತ್ರ ಹಾಕು."

ಇಟ್ಟೆ. ಉಬ್ಬಿತು. ಹಾಗೆಂದು ಶಿಕಾಗೊ ಗೆದ್ದಿತು ಎಂದು ನಾನು ಈಗಲೂ ಒಪ್ಪುವುದಿಲ್ಲ, ಗೆದ್ದದ್ದು ಲೈಟು. ಆದರೆ ಫೋನ್ ಇಡುವ ಮೊದಲು, ಆ ಎದುರಿನ ಮೇಜು ಕಣ್ಣಿಗೆ ಬಿದ್ದು, ಬಾಯಿ ತಪ್ಪಿ ಕೇಳಿಬಿಟ್ಟಿದ್ದೆ: "ರಜೆಗೆ ಯಾವಾಗ ಬರ್ತೀ?"

"ನಮಗೇನೂ ಅವಸರ ಇಲ್ಲ ಅಣ್ಣ," ಎಂದಳು ಶಾಲಿನಿ. "ಹಿರಿಯರು ಕೂತು ಮಾತಾಡಿ ತಿಳಿಸ್ತೇವೆ."

ಹಿರಿಯರು ಯಾರು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.